ಒಂದು ಕೆಜಿ ಬತ್ತ ಕೊಟ್ರೆ ನಮ್ದೇನು ಹೋಗುತ್ತೆ?

ಒಕ್ಕಲು ಮುಗೀತು, ಬಣವೆ ಹಾಕಿ ಆಯ್ತು, ಪಣತಕ್ಕೆ ಬತ್ತ ತುಂಬಿ ಆಯ್ತು. ಸ್ವಲ್ಪ ಪುರುಸೊತ್ತು ಸಿಕ್ಕಿದೆ. ಈ ಸಲ ಗೊಬ್ಬರ, ರೋಗ, ಅಡಿಕೆ ರೇಟು ಯಾವ್ದೂ ಬರೆಯಲ್ಲ. ಬೀಜದ ವಿಷಯ ಬರೀತೀನಿ. ಸ್ವಲ್ಪ ಉದ್ದ ಇದೆ, ಕೆಲವರಿಗೆ ಸಿಟ್ಟೂ ಬರಬಹುದು. ಪೂರ್ತಿ ಓದಿ ಆಮೇಲೆ ಬೈಯಿರಿ.

ಕಳೆದ ವಾರ ನಮ್ಮ ಕೇರಿಗೆ ಒಂದು ಕಾರು ಬಂದಿತ್ತು. ಇಬ್ಬರು ಹುಡುಗರು, ಬಹಳ ಮರ್ಯಾದೆಯವರು, ಚಪ್ಪಲಿ ಬಿಟ್ಟೇ ಜಗಲಿ ಹತ್ತಿದ್ರು. ಅವರಿಗೆ ಬೇಕಾಗಿದ್ದು ಹಳೇ ಬತ್ತದ ಬೀಜ. ನೆರೆಗುಳಿ, ಎಡಿಕುಣಿ, ಜಡ್ಡು, ಏನಿದ್ರೂ ಸರಿ, ಮನೆಗೆ ಒಂದು ಕೆಜಿ ಸಾಕು. ಬದಲಿಗೆ ಬೇಸಿಗೆ ಬೆಳೆಗೆ ಒಂದು ಪ್ಯಾಕೆಟ್ ಹೈಬ್ರಿಡ್ ಬೀಜ ಪುಕ್ಕಟೆ. ಒಂದು ಫೋಟೋ, ಒಂದು ಇಂಗ್ಲಿಷ್ ಕಾಗದಕ್ಕೆ ಸಹಿ. ಅಷ್ಟೇ. ನಮ್ಮ ಕೇರಿಯಲ್ಲಿ ಒಂಬತ್ತು ಮನೆಯವರು ಕೊಟ್ರು. ನಾನು ಆ ಕಾಗದದ ಒಂದು ಪ್ರತಿ ಕೇಳಿದೆ. ವಾಟ್ಸಾಪಿಗೆ ಹಾಕ್ತೀವಿ ಸರ್ ಅಂದ್ರು. ಇವತ್ತಿನವರೆಗೂ ಬಂದಿಲ್ಲ. ಮುಂದಿನ ವಾರ ಮತ್ತೆ ಬರ್ತಾರಂತೆ, ಕೆಳಗಿನ ಕೇರಿಗೂ ಹೊಳೆ ಆಚೆ ಊರಿಗೂ ಹೋಗ್ತಾರಂತೆ.

ಅವರು ಯಾರು, ಯಾವ ಕಂಪನಿ ಅಂತ ಇಲ್ಲಿ ಬರೆಯಲ್ಲ. ಅವರು ಕಳ್ಳರು ಅಂತಾನೂ ನಾನು ಹೇಳ್ತಿಲ್ಲ. ನನಗೆ ಸಿಟ್ಟು ಬಂದಿದ್ದು ಅವರ ಮೇಲಲ್ಲ, ನಮ್ಮ ಮೇಲೆ. ನಾನು ಜಗಲಿಯಲ್ಲಿ ಕೂತು ಪ್ರಶ್ನೆ ಕೇಳ್ತಾ ಇದ್ದಾಗ ನನ್ನ ನೆಂಟನೇ ಒಬ್ಬ, "ಅಲ್ಲ ಭಾವ, ಒಂದು ಕೆಜಿ ಬತ್ತ ಕೊಟ್ರೆ ನಿಂದೇನು ಹೋಗುತ್ತೆ? ಕೋಳಿಗೆ ಹಾಕೋ ಬತ್ತ ಅದು" ಅಂದ. ಎಲ್ಲರೂ ನಕ್ಕರು. ನಾನೂ ಆಗ ಏನೂ ಹೇಳಲಿಲ್ಲ, ಹೇಳೋಕೆ ತಿಳೀಲಿಲ್ಲ. ಆ ಪ್ರಶ್ನೆಗೆ ಉತ್ತರ ಈಗ ಬರೀತಿದ್ದೀನಿ. ಉತ್ತರ ನನ್ನದಲ್ಲ, ಒಬ್ಬ ಭತ್ತದ ವಿಜ್ಞಾನಿಯದ್ದು. ಅವರ ಇಡೀ ಜೀವನವೇ ಈ ಪ್ರಶ್ನೆಗೆ ಉತ್ತರ.

ಅವರ ಹೆಸರು ಡಾ. ರಾಧೇಲಾಲ್ ಹರೇಲಾಲ್ ರಿಛಾರಿಯಾ. ನಮ್ಮಲ್ಲಿ ಹೆಚ್ಚು ಜನಕ್ಕೆ ಗೊತ್ತಿಲ್ಲ. ನಾಟಿ ಬೀಜದವರ ಮೀಟಿಂಗಲ್ಲಿ ಆಗಾಗ ಈ ಹೆಸರು ಬರುತ್ತೆ, ಆದ್ರೆ ಅಲ್ಲಿ ಅವರನ್ನ ಒಬ್ಬ ಋಷಿ ಥರ ಮಾಡಿಬಿಡ್ತಾರೆ, ವಿಜ್ಞಾನದ ವಿರೋಧಿ ಅನ್ನೋ ಹಂಗೆ. ಅದು ತಪ್ಪು. ಅವರು ಇಂಗ್ಲೆಂಡಿನ ಕೇಂಬ್ರಿಜ್ ವಿಶ್ವವಿದ್ಯಾಲಯದಲ್ಲಿ ಪಿಎಚ್‌ಡಿ ಮಾಡಿದ ಮನುಷ್ಯ. ಕ್ರಾಸ್ ಮಾಡೋದು, ಹೈಬ್ರಿಡ್ ಮಾಡೋದು, ಅಂಕಿಸಂಖ್ಯೆ ಇಡೋದು ಎಲ್ಲ ಬಲ್ಲವರು. 1959ರಲ್ಲಿ ಒಡಿಶಾದ ಕಟಕ್‌ನಲ್ಲಿರೋ ಕೇಂದ್ರ ಭತ್ತ ಸಂಶೋಧನಾ ಸಂಸ್ಥೆಗೆ ನಿರ್ದೇಶಕರಾದ್ರು. ಆ ಸಂಸ್ಥೆ ಹುಟ್ಟಿದ್ದು 1946ರಲ್ಲಿ, ಬಂಗಾಳದ ಬರಗಾಲದಲ್ಲಿ ಲಕ್ಷಾಂತರ ಜನ ಅನ್ನ ಇಲ್ಲದೆ ಸತ್ತ ಮೇಲೆ. ಇಡೀ ದೇಶದಲ್ಲಿ ಭತ್ತಕ್ಕೆ ಅಂತ ಇದ್ದ ದೊಡ್ಡ ಕುರ್ಚಿ ಅದು.

ಅದರ ಮುಂದಿನ ವರ್ಷವೇ, 1960ರಲ್ಲಿ, ಫಿಲಿಪೈನ್ಸ್ ದೇಶದ ಲಾಸ್ ಬಾನೋಸ್‌ನಲ್ಲಿ ಅಂತಾರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆ ಶುರುವಾಯ್ತು. ಇರ್ರಿ ಅಂತಾರಲ್ಲ, ಅದು. ದುಡ್ಡು ಅಮೆರಿಕದ ಫೋರ್ಡ್ ಮತ್ತು ರಾಕ್‌ಫೆಲ್ಲರ್ ಫೌಂಡೇಶನ್‌ದು. ನಮ್ಮಪ್ಪನ ಕಾಲದವರು "ಐಆರ್ ಎಂಟು" ಅಂತಿದ್ರಲ್ಲ, ಅದರ ತವರು ಅದೇ. 1966ರಲ್ಲಿ ಬಿಡುಗಡೆ ಆಯ್ತು. ಗಿಡ್ಡ ಭತ್ತ, ಎಷ್ಟು ಗೊಬ್ಬರ ಹಾಕಿದ್ರೂ ಮಲಗಲ್ಲ, ತೂಕದ ತೆನೆ. ಅದಕ್ಕೂ ಒಂದೆರಡು ವರ್ಷ ಮುಂಚೆ ತೈವಾನಿನ ತೈಚುಂಗ್ ನೇಟಿವ್ 1 ಅನ್ನೋ ಗಿಡ್ಡ ತಳಿ ಭಾರತಕ್ಕೆ ಬಂದಿತ್ತು.

ರಿಛಾರಿಯಾ ತಕರಾರು ತೆಗೆದಿದ್ದು ಇಲ್ಲಿ. ಎರಡು ವಿಷಯಕ್ಕೆ. ಒಂದು, ಹೊರಗಿನ ಬೀಜವನ್ನ ಸರಿಯಾಗಿ ರೋಗ ತಪಾಸಣೆ ಮಾಡದೆ ಟನ್ ಗಟ್ಟಲೆ ತಂದು ರೈತರ ಗದ್ದೆಗೆ ಬಿಡಬಾರದು. ಕೊರೋನಾದಲ್ಲಿ ನಮಗೆಲ್ಲ ಕ್ವಾರಂಟೈನ್ ಅಂದ್ರೆ ಏನು ಅಂತ ಗೊತ್ತಾಯ್ತಲ್ಲ, ಅದನ್ನ ಅವರು ಬೀಜಕ್ಕೆ ಕೇಳಿದ್ರು. ಎರಡು, ಕಟಕ್‌ನಲ್ಲಿ ಕೂಡಿಟ್ಟ ದೇಶದ ತಳಿಗಳನ್ನ ಕೇಳಿದ ಕೂಡಲೇ ಹೊರಗಿನವರಿಗೆ ಮೂಟೆ ಕಟ್ಟಿ ಕೊಡೋಕೆ ಅವರು ಒಪ್ಪಲಿಲ್ಲ.

ಆ ಕಾಲವನ್ನೂ ನೋಡಬೇಕು, ಇಲ್ದಿದ್ರೆ ಅನ್ಯಾಯ ಆಗುತ್ತೆ. 1965-66 ಅಂದ್ರೆ ದೇಶದಲ್ಲಿ ಭಾರೀ ಬರ. ಅಮೆರಿಕದಿಂದ ಹಡಗಿನಲ್ಲಿ ಗೋಧಿ ಬಂದ್ರೆ ಊಟ. ಸರ್ಕಾರಕ್ಕೆ ಬೇಕಾಗಿದ್ದು ನಾಳೆ ಬೆಳಗ್ಗೆ ಜಾಸ್ತಿ ಬೆಳೆಯೋ ಬೀಜ. "ಸ್ವಲ್ಪ ತಡೀರಿ, ರೋಗ ನೋಡೋಣ" ಅನ್ನೋನು ಆಗ ಯಾರಿಗೂ ಬೇಡವಾಗಿದ್ದ. ನಾನು ಆಗಿನ ಮಂತ್ರಿಯಾಗಿದ್ರೂ ಬಹುಶಃ ಗಿಡ್ಡ ತಳಿ ಪರವಾಗೇ ಇರ್ತಿದ್ದೆನೇನೋ. ಆದ್ರೆ ಸರ್ಕಾರ ಮಾಡಿದ್ದು ವಾದ ಅಲ್ಲ. ನಿರ್ದೇಶಕರನ್ನೇ ಮನೆಗೆ ಕಳಿಸಿಬಿಟ್ಟಿತು. ಕಡ್ಡಾಯ ನಿವೃತ್ತಿ.

ಅವರು ಸುಮ್ನೆ ಕೂರಲಿಲ್ಲ. ಒಡಿಶಾ ಹೈಕೋರ್ಟಿಗೆ ಹೋದ್ರು. ಮೂರು ವರ್ಷ ಕೇಸು ನಡೆಸಿದ್ರು. ಮನೆ ಹಣ ಕರಗಿತು, ಮಕ್ಕಳ ಓದಿಗೆ ಪೆಟ್ಟು ಬಿತ್ತು, ಹೆಂಡತಿ ಆರೋಗ್ಯ ಕೆಟ್ಟಿತು. 1970ರಲ್ಲಿ ಕೋರ್ಟು ಅವರ ಪರ ತೀರ್ಪು ಕೊಟ್ಟಿತು. ಕೋರ್ಟು ಕಚೇರಿ ಅಲೆದವರಿಗೆ ಗೊತ್ತು, ಮೂರು ವರ್ಷ ಆದ ಮೇಲೆ ಗೆದ್ರೂ ಗೆದ್ದ ಹಂಗಿರಲ್ಲ. ಅಷ್ಟರಲ್ಲಿ ಬೀಜ ದೇಶದ ತುಂಬಾ ಹರಡಿ ಆಗಿತ್ತು.

ರೋಗದ ವಿಷಯ ಏನಾಯ್ತು? ಆ ತೈಚುಂಗ್ ತಳಿಗೆ ದುಂಡಾಣು ಎಲೆ ಅಂಗಮಾರಿ ಬಹಳ ಬೇಗ ತಗುಲ್ತಿತ್ತು. 1969ರಲ್ಲಿ ಉತ್ತರ ಪ್ರದೇಶ, ಬಿಹಾರ, ಬಂಗಾಳದ ಕಡೆ ಟುಂಗ್ರೋ ವೈರಸ್ ರೋಗ ಜೋರಾಗಿ ಬಂತು. ಆ ರೋಗ ಆಮದು ಬೀಜದ ಜೊತೇಲೇ ಬಂತು ಅಂತ ನಾನು ಹೇಳ್ತಿಲ್ಲ. ಟುಂಗ್ರೋ ಹರಡೋದು ಹಸಿರು ಜಿಗಿಹುಳದಿಂದ, ಬೀಜದಿಂದ ಅಲ್ಲ. ಆದ್ರೆ ಒಂದೇ ಥರದ, ರೋಗ ತಡೆಯದ ಗಿಡ್ಡ ತಳಿ ಸಾವಿರಾರು ಎಕರೆ ಒಟ್ಟಿಗೆ ಹಾಕಿ, ಮೇಲೆ ಯೂರಿಯಾ ಸುರಿದ್ರೆ ರೋಗಕ್ಕೆ ಎಲೆ ಹಾಕಿ ಊಟ ಬಡಿಸಿದಂಗೆ. ಇದು ಈಗ ಯಾವ ಕೃಷಿ ಅಧಿಕಾರಿಯನ್ನ ಕೇಳಿದ್ರೂ ಹೇಳ್ತಾರೆ. ಆಗ ಹೇಳಿದವರ ಕೆಲಸ ಹೋಯ್ತು.

ಈಗ ಕಥೆಯ ಎರಡನೇ ಭಾಗ. ನನಗೆ ಇದೇ ಮುಖ್ಯ ಅನ್ಸೋದು.

ಕೆಲಸ ಕಳ್ಕೊಂಡು ಕೋರ್ಟಲ್ಲಿ ಸುಸ್ತಾದ ಮನುಷ್ಯ, ವಯಸ್ಸು ಬೇರೆ ಆಗಿತ್ತು. ಬೇರೆಯವರಾಗಿದ್ರೆ ಪೆನ್ಷನ್ ತಗೊಂಡು ಮನೇಲಿ ಕೂರ್ತಿದ್ರು. ಅವರು 1971ರಲ್ಲಿ ರಾಯಪುರಕ್ಕೆ ಹೋದ್ರು. ಈಗಿನ ಛತ್ತೀಸಗಢ, ಆಗ ಮಧ್ಯಪ್ರದೇಶ. ಅಲ್ಲಿ ಮಧ್ಯಪ್ರದೇಶ ಭತ್ತ ಸಂಶೋಧನಾ ಸಂಸ್ಥೆ ಕಟ್ಟಿದ್ರು. ಕಟ್ಟಿದ್ರು ಅಂದ್ರೆ ಬಿಲ್ಡಿಂಗ್ ಅಲ್ಲ. ದುಡ್ಡು ಕಡಿಮೆ, ಜನ ಕಡಿಮೆ. ಅವರು ಕಟ್ಟಿದ್ದು ಬೀಜದ ಭಂಡಾರ. ಬಸ್ತಾರದ ಕಾಡಿನ ಹಳ್ಳಿಯಿಂದ ಹಿಡಿದು ಬಯಲಿನವರೆಗೂ, ಆದಿವಾಸಿಗಳು, ಸಣ್ಣ ರೈತರು ಬೆಳೀತಿದ್ದ ಭತ್ತವನ್ನ ಒಂದೊಂದೇ ತಂದು, ಹೆಸರು ಬರೆದು, ಬೆಳೆದು, ಅಳತೆ ತೆಗೆದು ಇಟ್ರು. ಎಷ್ಟು ಅಂತೀರಿ? 17 ಸಾವಿರಕ್ಕೂ ಮೇಲೆ. ಲೆಕ್ಕ ಮುಗಿಸೋ ಹೊತ್ತಿಗೆ 19 ಸಾವಿರ ಅಂತಾರೆ. ನಮ್ಮ ಕೇರಿಯಲ್ಲಿ ಈಗ ನಾಲ್ಕು ಹೆಸರು ಹೇಳಿ ಅಂದ್ರೆ ತಡಬಡಾಯಿಸ್ತೀವಿ.

ಆ ಭಂಡಾರದಲ್ಲಿ ಏನೇನಿತ್ತು ನೋಡಿ. ಅರವತ್ತೇ ದಿನಕ್ಕೆ ಹತ್ತಿರ ಬರೋ ಭತ್ತ, ಐದಾರು ತಿಂಗಳು ನಿಲ್ಲೋ ಭತ್ತ, ಮೇಲ್ಗದ್ದೆಯಲ್ಲಿ ಒಣಗಿದ್ರೂ ತೆನೆ ಬಿಡೋ ಭತ್ತ, ನೀರು ನಿಲ್ಲೋ ತಗ್ಗಿಗೆ ಬೇರೆ ಭತ್ತ, ಪರಿಮಳದ್ದು ಬೇರೆ, ಅರಳಿಗೆ ಬೇರೆ. ಎಲೆ ನೇರಳೆ ಬಣ್ಣದ ಭತ್ತ ಕೂಡ ಇತ್ತು. ಅದು ಯಾಕೆ ಗೊತ್ತಾ? ಗದ್ದೆಯಲ್ಲಿ ಕಾಡುಭತ್ತ ಬೆರೆತ್ರೆ ಚಿಕ್ಕದ್ರಲ್ಲಿ ಗುರುತು ಸಿಗಲ್ಲ, ಎರಡೂ ಹಸಿರೇ. ಒಂದು ವರ್ಷ ನೇರಳೆ ಎಲೆಯ ಬತ್ತ ಬಿತ್ತಿದ್ರೆ ಹಸಿರು ಕಂಡಿದ್ದೆಲ್ಲ ಕಳೆ, ಕಿತ್ತು ಬಿಸಾಕಬಹುದು. ಕಳೆನಾಶಕ ಇಲ್ಲದ ಕಾಲದಲ್ಲಿ ಅಕ್ಷರ ಬಾರದ ರೈತರು ಮಾಡಿದ ಉಪಾಯ ಇದು. ಇದಕ್ಕೆ ವಿಜ್ಞಾನ ಅನ್ನದೆ ಇನ್ನೇನಂತಾರೆ?

"ನಾಟಿ ತಳಿ ಇಳುವರಿ ಬರಲ್ಲ" ಅನ್ನೋ ಮಾತಿಗೂ ಅವರು ಲೆಕ್ಕ ಇಟ್ಟಿದ್ರು. ಕೂಡಿಸಿದ ಸಾವಿರಾರು ತಳಿಗಳಲ್ಲಿ ನೂರಕ್ಕೆ ಎಂಟೊಂಬತ್ತು ತಳಿ ಹೆಕ್ಟೇರಿಗೆ 3,705 ಕೆಜಿಗಿಂತ ಜಾಸ್ತಿ ಕೊಡ್ತವೆ ಅಂತ. ನಮ್ಮ ಲೆಕ್ಕದಲ್ಲಿ ಎಕರೆಗೆ 15 ಕ್ವಿಂಟಾಲ್, 75 ಕೆಜಿ ಚೀಲದಲ್ಲಿ 20 ಚೀಲ. ಸೂಕ್ಷ್ಮವಾಗಿ ನೋಡಿ, ಅವರು ಎಲ್ಲಾ ನಾಟಿ ತಳಿಯೂ ಚಿನ್ನ ಅನ್ನಲಿಲ್ಲ. ನೂರಕ್ಕೆ ತೊಂಬತ್ತು ಕಡಿಮೆ ಕೊಡ್ತವೆ ಅಂತ ಅದೇ ಲೆಕ್ಕದಿಂದ ಗೊತ್ತಾಗುತ್ತೆ. ಆದ್ರೆ 19 ಸಾವಿರದಲ್ಲಿ ನೂರಕ್ಕೆ ಎಂಟು ಅಂದ್ರೆ ಒಂದೂವರೆ ಸಾವಿರ ಒಳ್ಳೇ ತಳಿ ಆಯ್ತಲ್ಲ! ಅವನ್ನೇ ಆರಿಸಿ, ಬೆಳೆಸಿ, ಆಯಾ ಊರಿಗೆ ಹೊಂದಿಸಿ ಕೊಡಿ, ಹೋಬಳಿ ಮಟ್ಟದಲ್ಲೇ ಸಣ್ಣ ಸಣ್ಣ ಭತ್ತದ ಕೇಂದ್ರ ಮಾಡಿ, ಅಲ್ಲಿಯ ತಳಿಯನ್ನ ಅಲ್ಲಿಯ ರೈತರೇ ಅಲ್ಲಿಯೇ ಕಾಪಾಡಲಿ ಅನ್ನೋದು ಅವರ ವಾದ.

ಇನ್ನೊಂದು ಕೆಲಸ ಅವರದ್ದು ನನಗೆ ಬಹಳ ಹಿಡಿಸಿದ್ದು. ಹೈಬ್ರಿಡ್ ಬೀಜ ಯಾಕೆ ವರ್ಷ ವರ್ಷ ಕೊಳ್ಳಬೇಕು? ಮೊದಲ ತಲೆಮಾರಿನ ಜೋರು ಎರಡನೇ ತಲೆಮಾರಲ್ಲಿ ಒಡೆದು ಹೋಗುತ್ತೆ, ಒಂದು ಎತ್ತರ ಒಂದು ಗಿಡ್ಡ ಆಗುತ್ತೆ. ರಿಛಾರಿಯಾ ಯೋಚನೆ ಮಾಡಿದ್ದು ಹೀಗೆ: ಬೀಜದಿಂದ ಮಾಡಿದ್ರೆ ತಾನೇ ಒಡೆಯೋದು, ತೆಂಡೆಯಿಂದ ಮಾಡಿದ್ರೆ? ಒಂದು ಒಳ್ಳೇ ಬುಡದ ತೆಂಡೆಗಳನ್ನ ಬಿಡಿಸಿ ಬಿಡಿಸಿ ನೆಟ್ರೆ ಎಲ್ಲವೂ ಅದೇ ಗಿಡ, ಗುಣ ಬದಲಾಗಲ್ಲ. ಕಬ್ಬಿನ ತುಂಡು, ಬಾಳೆ ಕಂದು ನೆಟ್ಟ ಹಂಗೆ. ಕೂಲಿ ಜಾಸ್ತಿ ಬೇಕು, ಈಗ ನಮ್ಮಲ್ಲಿ ನೆಟ್ಟಿಗೇ ಆಳು ಸಿಗಲ್ಲ, ಅದಕ್ಕೆ ಈ ಪದ್ಧತಿ ಎಲ್ಲರಿಗೂ ಆಗುತ್ತೆ ಅಂತ ನಾನು ಹೇಳಲ್ಲ. ಆದ್ರೆ ಒಬ್ಬ ದೊಡ್ಡ ವಿಜ್ಞಾನಿ ಕೂತು, ರೈತ ಬೀಜಕ್ಕೆ ದುಡ್ಡು ಕೊಡದೇ ಇರೋ ದಾರಿ ಯಾವ್ದು ಅಂತ ತಲೆ ಕೆಡಿಸ್ಕೊಂಡಿದ್ರು. ಈಗ ಹಂಗೆ ತಲೆ ಕೆಡಿಸ್ಕೊಳ್ಳೋರು ಎಷ್ಟು ಜನ ಇದಾರೆ, ನೀವೇ ಹೇಳಿ.

ರಾಯಪುರದ ಸಂಸ್ಥೆ ಎಷ್ಟು ವರ್ಷ ಇತ್ತು? ಏಳೆಂಟು ವರ್ಷ. ಆಮೇಲೆ ಮುಚ್ಚಿದ್ರು. ವಿಶ್ವ ಬ್ಯಾಂಕಿನಿಂದ ಮಧ್ಯಪ್ರದೇಶಕ್ಕೆ ಕೃಷಿ ಸಂಶೋಧನೆಗೆ ದುಡ್ಡು ಬರೋದಿತ್ತು, ಈ ಸಂಸ್ಥೆ ಮುಚ್ಚಬೇಕು ಅನ್ನೋದು ಅದರ ಷರತ್ತು ಅಂತ ಅವರ ಪರವಾಗಿ ಬರೆದವರು ಹೇಳ್ತಾರೆ. ಈ ಕಥೆಯ ಹೆಚ್ಚಿನ ಭಾಗ ಜನಕ್ಕೆ ಗೊತ್ತಾಗಿದ್ದೇ 1986ರಲ್ಲಿ ಗೋವಾದ ಕ್ಲಾಡ್ ಆಲ್ವಾರಿಸ್ ಅನ್ನೋರು ಇಲ್ಲಸ್ಟ್ರೇಟೆಡ್ ವೀಕ್ಲಿಯಲ್ಲಿ ಬರೆದ ಲೇಖನದಿಂದ. ಅದು ಒಂದು ಕಡೆಯ ವಾದ ಅನ್ನೋದನ್ನ ನೆನಪಲ್ಲಿಟ್ಟುಕೊಂಡೇ ಓದಬೇಕು. ಆದ್ರೆ ಸಂಸ್ಥೆ ಮುಚ್ಚಿದ್ದು ಸುಳ್ಳಲ್ಲ, ಬೀಜದ ಭಂಡಾರ ವಿಶ್ವವಿದ್ಯಾಲಯಕ್ಕೆ ಹೋಗಿದ್ದು ಸುಳ್ಳಲ್ಲ. 1983ರಲ್ಲಿ ಪ್ರಧಾನಿ ಕಚೇರಿಯಿಂದಲೇ ಅವರನ್ನ ಕೇಳಿ, ಭತ್ತದ ಉತ್ಪಾದನೆ ಹೆಚ್ಚಿಸೋಕೆ ಒಂದು ಯೋಜನೆ ಬರೆಸಿದ್ರು. ಮುಂದಿನ ವರ್ಷ ಇಂದಿರಾ ಗಾಂಧಿ ತೀರಿಕೊಂಡ್ರು, ಯೋಜನೆ ಕಪಾಟು ಸೇರ್ತು. ರಿಛಾರಿಯಾ 1996ರಲ್ಲಿ ತೀರಿಕೊಂಡ್ರು. ಅವರನ್ನ ಕೊಂದ್ರು, ವಿಷ ಹಾಕಿದ್ರು ಅಂತ ವಾಟ್ಸಾಪಲ್ಲಿ ಬಂದ್ರೆ ದಯವಿಟ್ಟು ಫಾರ್ವರ್ಡ್ ಮಾಡಬೇಡಿ. ನಡೆದಿದ್ದೇ ಸಾಕಷ್ಟಿದೆ, ಅದಕ್ಕೆ ಬಾಲ ಕಟ್ಟೋದು ಬೇಡ.

ಕಥೆ ಅವರ ಸಾವಿಗೆ ಮುಗೀಲಿಲ್ಲ. 2002ರಲ್ಲಿ ಅದೇ ರಾಯಪುರದ ಇಂದಿರಾ ಗಾಂಧಿ ಕೃಷಿ ವಿಶ್ವವಿದ್ಯಾಲಯ, ಅಂದ್ರೆ ಆಗ ಆ ಬೀಜ ಭಂಡಾರ ಇದ್ದ ಜಾಗ, ಸಿಂಜೆಂಟಾ ಕಂಪನಿ ಜೊತೆ ಒಪ್ಪಂದಕ್ಕೆ ಹೊರಟಿತ್ತು. ಕಂಪನಿಗೆ ಬೀಜ ಸಿಗುತ್ತೆ, ವಿಶ್ವವಿದ್ಯಾಲಯಕ್ಕೆ ದುಡ್ಡು ಸಿಗುತ್ತೆ. ಬೀಜ ಕೊಟ್ಟ ರೈತರಿಗೆ? ಅವರನ್ನ ಯಾರೂ ಕೇಳಿರ್ಲಿಲ್ಲ. ಸುದ್ದಿ ಹೊರಗೆ ಬಂತು, ಛತ್ತೀಸಗಢದ ರೈತರು, ಸಂಘಟನೆಗಳು ಬೀದಿಗೆ ಇಳಿದ್ರು, ಅದೇ ಡಿಸೆಂಬರಲ್ಲಿ ಕಂಪನಿ ಹಿಂದೆ ಸರೀತು. ಆ ಬೀಜ ಇವತ್ತೂ ರಾಯಪುರದಲ್ಲಿದೆ. ಜಗತ್ತಲ್ಲೇ ದೊಡ್ಡ ಭತ್ತದ ಸಂಗ್ರಹಗಳಲ್ಲಿ ಅದೂ ಒಂದು.

ಈಗ ನನ್ನ ನೆಂಟನ ಪ್ರಶ್ನೆಗೆ ಬರ್ತೀನಿ. ಒಂದು ಕೆಜಿ ಬತ್ತದಲ್ಲಿ ಏನಿದೆ?

ನೀವು ಕೊಳ್ಳೋ ಪ್ಯಾಕೆಟ್ ಬೀಜ ಆಕಾಶದಿಂದ ಬಿದ್ದಿದ್ದಲ್ಲ. ಯಾವ ವಿಜ್ಞಾನಿಯೂ ಗಾಳಿಯಿಂದ ತಳಿ ಮಾಡೋಕಾಗಲ್ಲ. ಎರಡು ಭತ್ತ ಬೇಕು, ಒಂದು ತಾಯಿ ಒಂದು ತಂದೆ. ನಮ್ಮ ಕಡೆ ಎಷ್ಟೋ ವರ್ಷ ಬೆಳೆದ ಜಯ ಭತ್ತವನ್ನೇ ತಗೊಳ್ಳಿ. 1968ರಲ್ಲಿ ಬಂದಿದ್ದು. ಒಂದು ಕಡೆ ಆ ತೈಚುಂಗ್ ನೇಟಿವ್ 1, ಇನ್ನೊಂದು ಕಡೆ ಟಿ 141. ಈ ಟಿ 141 ಅಂದ್ರೆ ಒಡಿಶಾದ ರೈತರ ಬತ್ತದಿಂದ ಆರಿಸಿದ್ದು. ಐಆರ್ 8ರ ಒಬ್ಬ ಅಜ್ಜ ಲಾಟಿಸೈಲ್, ಅದು ಬಂಗಾಳದ ಭತ್ತ. ಪಂಜಾಬಿನ ಗುರುದೇವ್ ಖುಷ್ ಅವರು ಇರ್ರಿಯಲ್ಲಿ ಮಾಡಿದ ಐಆರ್ 36 ಒಂದು ಕಾಲಕ್ಕೆ ಜಗತ್ತಲ್ಲೇ ಹೆಚ್ಚು ಜಾಗದಲ್ಲಿ ಬೆಳೆದ ಭತ್ತ. ಅದಕ್ಕೆ ಗ್ರಾಸಿ ಸ್ಟಂಟ್ ವೈರಸ್ ತಡೆಯೋ ಗುಣ ಎಲ್ಲಿಂದ ಬಂತು? ಸಾವಿರಾರು ಮಾದರಿ ಪರೀಕ್ಷೆ ಮಾಡಿದ ಮೇಲೆ ಉತ್ತರ ಪ್ರದೇಶದ ಒಂದು ಕಾಡುಭತ್ತದಲ್ಲಿ ಸಿಕ್ತು. ಒಂದೇ ಒಂದು ಮಾದರಿಯಲ್ಲಿ. ಕೋಳಿಗೂ ಹಾಕದ ಬತ್ತ ಅದು!

ನಮಗೆ ಇನ್ನೂ ಹತ್ತಿರದ್ದು ಹೇಳ್ತೀನಿ. ಸ್ವರ್ಣ ಸಬ್ 1 ಅಂತ ಒಂದು ಭತ್ತ ಇದೆ. ಎರಡು ವಾರದವರೆಗೆ ನೆರೆ ನೀರಲ್ಲಿ ಮುಳುಗಿದ್ರೂ ಮತ್ತೆ ಚಿಗುರುತ್ತೆ. 2009ರಲ್ಲಿ ಭಾರತದಲ್ಲಿ ಬಿಡುಗಡೆ ಆಯ್ತು. ಅದರೊಳಗೆ ಇರೋ ನೆರೆ ತಡೆಯೋ ಗುಣ ಎಫ್‌ಆರ್ 13ಎ ಅನ್ನೋ ಭತ್ತದ್ದು. ಅದು ಯಾರದ್ದು? ಒಡಿಶಾದ ನೆರೆ ಬರೋ ಊರಿನ ರೈತರದ್ದು, ಧಳಪುಟ್ಟಿಯಾ ಅನ್ನೋ ನಾಟಿ ಬತ್ತದಿಂದ ಆರಿಸಿದ್ದು. ವಿಜ್ಞಾನಿಗಳು ದೊಡ್ಡ ಕೆಲಸ ಮಾಡಿದ್ರು, ಅದರಲ್ಲಿ ಅನುಮಾನ ಇಲ್ಲ. ಆ ಗುಣವನ್ನ ಗುರುತಿಸಿ, ಒಳ್ಳೇ ಇಳುವರಿಯ ಸ್ವರ್ಣಕ್ಕೆ ತಂದು ಸೇರಿಸೋದು ನನ್ನಿಂದ ನಿಮ್ಮಿಂದ ಆಗೋದಲ್ಲ. ಅದು ಸರ್ಕಾರಿ ತಳಿ, ರೈತ ಬೀಜ ಇಟ್ಕೋಬಹುದು. ಇದು ಸರಿಯಾದ ದಾರಿ. ಆದ್ರೆ ಆ ಒಡಿಶಾದ ರೈತರು "ಕೋಳಿಗೆ ಹಾಕೋ ಬತ್ತ" ಅಂತ ಅದನ್ನ ಬಿಟ್ಟಿದ್ರೆ ಯಾವ ಲ್ಯಾಬಲ್ಲೂ ಆ ಗುಣ ಸಿಗ್ತಿರ್ಲಿಲ್ಲ.

ಈಗ ಹೇಳಿ, ವರದೆ ದಂಡೆಯಲ್ಲಿ ನಮ್ಮಜ್ಜ ಮುತ್ತಜ್ಜ ಇಟ್ಟ ನೆರೆಗುಳಿ, ಎಡಿಕುಣಿ ಯಾವ ಜಾತಿಗೆ ಸೇರಿದ್ದು? ಅದೇ ಗುಣದ್ದು. ನೀರಲ್ಲಿ ನಿಂತು ಬದುಕೋದು. ಕಾರು ಮಾಡ್ಕೊಂಡು ಬಂದವರಿಗೆ ಅದರ ಬೆಲೆ ಗೊತ್ತಿದೆ. ನಮಗೆ ಗೊತ್ತಿಲ್ಲ.

ನನ್ನ ತಪ್ಪನ್ನೂ ಬರೀತೀನಿ. ನಮ್ಮಪ್ಪ ಇರೋವರೆಗೂ ಹೊಳೆ ಸಾಲಿನ ಗದ್ದೆಗೆ ನೆರೆಗುಳಿ ಬಿಟ್ಟು ಬೇರೆ ಬಿತ್ತಿದವರಲ್ಲ. ಅವರು ತೀರಿಕೊಂಡ ಎರಡನೇ ವರ್ಷಕ್ಕೇ ನಾನು ಬಿಟ್ಟೆ. ದಪ್ಪಕ್ಕಿ, ರೇಟಿಲ್ಲ, ಎಕರೆಗೆ 12-13 ಕ್ವಿಂಟಾಲ್ ಮೇಲೆ ಹೋಗಲ್ಲ, ಸುಧಾರಿಸಿದ ತಳಿ 20 ದಾಟುತ್ತೆ. ಅವ್ವ ಬೇಡ ಅಂದ್ರೂ ಕೇಳಲಿಲ್ಲ. ಎರಡು ಕೊಳಗ ಬೀಜ ಕಟ್ಟಿಟ್ಟಿದ್ದನ್ನ ಅವ್ವ ಮೂರು ವರ್ಷ ಕಾದಳು, ಕೊನೆಗೆ ಹುಳ ಹಿಡೀತು, ನಿಜವಾಗಿಯೂ ಕೋಳಿಗೇ ಹಾಕಿದ್ವಿ. ಒಳ್ಳೇ ವರ್ಷಗಳಲ್ಲಿ ಲಾಭವೇ ಆಯ್ತು, ಸುಳ್ಳು ಹೇಳಲ್ಲ. 2019ರ ಆಗಸ್ಟ್ ನಿಮಗೆಲ್ಲ ನೆನಪಿದೆ. ನನ್ನ ಹೊಳೆ ಸಾಲಿನ ಎರಡು ಎಕರೆ ಹತ್ತು ದಿನ ನೀರೊಳಗಿತ್ತು. ನೀರು ಇಳಿದಾಗ ಗದ್ದೆ ತುಂಬಾ ಕೊಳೆತ ವಾಸನೆ. ಪಕ್ಕದ ಗದ್ದೆ ನಮ್ಮೂರಿನ ಒಬ್ಬ ಅಜ್ಜಿಯದ್ದು. ಹಠದಲ್ಲಿ ನೆರೆಗುಳಿ ಬಿಟ್ಟವಳೇ ಅಲ್ಲ. ಹದಿನೈದು ದಿನಕ್ಕೆ ಅವಳ ಗದ್ದೆ ಹಸಿರು. ಭೂಮಿ ಹುಣ್ಣಿಮೆಗೆ ಹೊಡೆ ಬಂದ ಗದ್ದೆಗೆ ಅವಳು ಪೂಜೆ ಮಾಡ್ತಿದ್ದಳು, ನಾನು ಖಾಲಿ ಗದ್ದೆಯ ಅಂಚಲ್ಲಿ ನಿಂತು ನೋಡ್ತಿದ್ದೆ. ಮರು ವರ್ಷ ಅವಳ ಮನೆ ಬಾಗಿಲಿಗೆ ಹೋಗಿ ಎಂಟು ಸೇರು ಬೀಜ ಕೇಳಿ ತಂದೆ. ದುಡ್ಡು ತಗೊಳ್ಳಲಿಲ್ಲ. "ಬೆಳೆದ ಮೇಲೆ ವಾಪಸ್ ಕೊಡು, ನಂದು ಕೆಟ್ರೆ ನಿನ್ನ ಹತ್ರ ಇರ್ಲಿ" ಅಂದಳು.

ರಿಛಾರಿಯಾ ಹೋಬಳಿಗೊಂದು ಕೇಂದ್ರ ಬೇಕು ಅಂದ್ರಲ್ಲ, ಆ ಅಜ್ಜಿ ಮಾಡಿದ್ದೂ ಅದನ್ನೇ. ಫ್ರಿಜ್ಜಿನೊಳಗಿನ ಬೀಜ ಬೇಕು, ಬೇಡ ಅನ್ನಲ್ಲ. ಆದ್ರೆ ಅದು ನೆರೆ ನೋಡಲ್ಲ, ಹೊಸ ರೋಗ ನೋಡಲ್ಲ. ಗದ್ದೆಯಲ್ಲಿರೋ ಬೀಜ ವರ್ಷ ವರ್ಷ ಪರೀಕ್ಷೆ ಬರೆದು ಪಾಸಾಗ್ತಾ ಇರುತ್ತೆ.

ಕೆಲವರು ಕಾಮೆಂಟಲ್ಲಿ ಬರೀತೀರಿ ಅಂತ ಗೊತ್ತು: "ಹಂಗಾದ್ರೆ ಎಲ್ಲರೂ ನಾಟಿ ಹಾಕಿ ಉಪವಾಸ ಸಾಯೋಣ". ಅಲ್ಲ ಮಾರಾಯ್ರೆ. ನನ್ನ ಮೇಲ್ಗದ್ದೆಯಲ್ಲಿ ಈಗಲೂ ಸುಧಾರಿಸಿದ ತಳಿಯೇ ಇದೆ. ತಳಿ ವಿಜ್ಞಾನಿಗಳ ಮೇಲೆ ನನಗೆ ಗೌರವ ಇದೆ. ನಮ್ಮ ರಾಜ್ಯದ ಡಾ. ಎಂ. ಮಹದೇವಪ್ಪನವರನ್ನ ನೋಡಿ. ಚಾಮರಾಜನಗರ ಕಡೆಯ ಹಳ್ಳಿಯಿಂದ ಬಂದು ಮಂಡ್ಯದ ವಿ.ಸಿ. ಫಾರಂನಲ್ಲಿ ಭತ್ತದ ತಳಿ ಮಾಡಿದವರು, ಜನ ಅವರನ್ನ ರೈಸ್ ಮಹದೇವಪ್ಪ ಅಂತಲೇ ಕರೀತಿದ್ರು. ಧಾರವಾಡ ಕೃಷಿ ವಿವಿ ಕುಲಪತಿ ಆದ್ರು, 2013ರಲ್ಲಿ ಪದ್ಮಭೂಷಣ ಬಂತು. ರಾಜ್ಯದಲ್ಲಿ ಹೈಬ್ರಿಡ್ ಭತ್ತ ಶುರುವಾಗಿದ್ದರಲ್ಲೂ ಅವರ ಕೈ ಇದೆ. ಅವರೂ ಬೇಕು, ರಿಛಾರಿಯಾನೂ ಬೇಕು. ದೇಶ ಮಾಡಿದ ತಪ್ಪು ಗಿಡ್ಡ ತಳಿ ತಂದಿದ್ದಲ್ಲ. ಎರಡು ದಾರಿ ಇದ್ದಾಗ ಒಂದನ್ನ ಹಿಡಿದು, ಇನ್ನೊಂದು ದಾರಿ ತೋರಿಸಿದವನ ಬಾಯಿ ಮುಚ್ಚಿಸಿದ್ದು. ಅದರ ದಂಡ ಕಟ್ಟಿದ್ದು ರೈತರು.

"ಕಂಪನಿ ನಮ್ಮ ಬೀಜ ಕದೀತು" ಅಂತ ಮುಂದೆ ಅಳೋದೂ ಬೇಡ. ಕಾನೂನು ನಮ್ಮ ಪರ ಇದೆ, ನಾವು ಓದಿಲ್ಲ ಅಷ್ಟೆ. 2001ರ ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆ ಪ್ರಕಾರ ರೈತ ಬೀಜ ಇಟ್ಕೋಬಹುದು, ಬಿತ್ತಬಹುದು, ಹಂಚಬಹುದು, ಮಾರಲೂಬಹುದು, ಬ್ರಾಂಡ್ ಹಾಕಿ ಮಾರೋದೊಂದು ಬಿಟ್ಟು. 39ನೇ ಕಲಂ. ಗುಜರಾತಲ್ಲಿ ಆಲೂಗಡ್ಡೆ ಬೆಳೆದ ಸಣ್ಣ ರೈತರ ಮೇಲೆ ಪೆಪ್ಸಿ ಕಂಪನಿ ಕೋಟಿ ಲೆಕ್ಕದಲ್ಲಿ ಕೇಸು ಹಾಕಿ, ದೇಶದ ತುಂಬಾ ಗಲಾಟೆ ಆದ ಮೇಲೆ 2019ರಲ್ಲಿ ವಾಪಸ್ ತಗೊಂಡಿತ್ತು. ರೈತರು ಹಿಡ್ಕೊಂಡಿದ್ದು ಇದೇ ಕಲಂ. ಅದೇ ಕಾಯ್ದೆಯಲ್ಲಿ ರೈತರ ತಳಿಯನ್ನ ರೈತರ ಹೆಸರಲ್ಲೇ ನೋಂದಣಿ ಮಾಡಿಸಬಹುದು, ರೈತರಿಗೆ ನೋಂದಣಿ ಫೀ ಇಲ್ಲ. ಇನ್ನೊಂದು 2002ರ ಜೀವವೈವಿಧ್ಯ ಕಾಯ್ದೆ. ಪ್ರತಿ ಪಂಚಾಯ್ತಿಯಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಊರಿನ ತಳಿ, ಗಿಡ, ಮರ ಎಲ್ಲ ಒಂದು ದಾಖಲಾತಿ ಪುಸ್ತಕದಲ್ಲಿ ಬರೆದಿರಬೇಕು. ನಮ್ಮ ಪಂಚಾಯ್ತಿ ಪುಸ್ತಕದಲ್ಲಿ ನೆರೆಗುಳಿ ಹೆಸರು ಇದೆಯಾ? ಹೋಗಿ ಕೇಳಿದ್ದೀರಾ? ನಾನೂ ಇಲ್ಲಿವರೆಗೆ ಕೇಳಿರ್ಲಿಲ್ಲ.

ಇದು ಆಗದ ಮಾತಲ್ಲ. ಕಾಸರಗೋಡು ಕಡೆಯ ಕನ್ನಡಿಗ ರೈತ ಸತ್ಯನಾರಾಯಣ ಬೇಲೇರಿ 650ಕ್ಕೂ ಹೆಚ್ಚು ಭತ್ತದ ತಳಿ ಉಳಿಸಿದ್ದಾರೆ, 2024ರಲ್ಲಿ ಪದ್ಮಶ್ರೀ ಬಂತು. ಮಂಡ್ಯ ಜಿಲ್ಲೆ ಕಿರುಗಾವಲಿನ ಸೈಯದ್ ಘನಿ ಖಾನ್ ನೂರಾರು ತಳಿ ಬೆಳೆದು ಮನೆಯಲ್ಲೇ ಮ್ಯೂಸಿಯಂ ಮಾಡಿದ್ದಾರೆ. ನಮಗೆ ನೂರು ಬೇಡ. ನಮ್ಮ ಹೊಳೆಗೆ ಸೇರಿದ ನಾಲ್ಕು ಸಾಕು.

ನಾನು ಕೇಳ್ಕೊಳ್ಳೋದು ಇಷ್ಟೇ. ಮುಂದಿನ ವಾರ ಆ ಹುಡುಗರು ಬಂದ್ರೆ ಮರ್ಯಾದೆಯಿಂದ ಕೂರಿಸಿ, ಕಾಫಿ ಕೊಡಿ. ಬೀಜ ಯಾರಿಗೆ, ಯಾತಕ್ಕೆ, ಮುಂದೆ ಅದರಿಂದ ತಳಿ ಮಾಡಿದ್ರೆ ನಮ್ಮ ಊರಿಗೇನು ಅಂತ ಕೇಳಿ. ಕಾಗದ ಕನ್ನಡದಲ್ಲಿ ಬರೆದು ತರಲಿ, ಒಂದು ಪ್ರತಿ ನಮ್ಮ ಹತ್ರ ಇರ್ಲಿ, ಪಂಚಾಯ್ತಿಗೂ ಒಂದು ಕೊಡಲಿ. ಅಲ್ಲಿವರೆಗೆ ಬೀಜ ಇಲ್ಲ, ಸಹಿ ಇಲ್ಲ. ಕೆಳಗಿನ ಕೇರಿಯವರು, ಹೊಳೆ ಆಚೆಯವರು ಇದನ್ನ ಓದ್ತಾ ಇದ್ರೆ ಓದು ಬಾರದವರಿಗೂ ತಿಳಿಸಿ, ಬೀಜ ಇರೋದು ಹೆಚ್ಚಾಗಿ ಅವರ ಮನೆಯಲ್ಲೇ. ಕೊಟ್ಟ ಒಂಬತ್ತು ಮನೆಯವರು ಬೇಜಾರು ಮಾಡ್ಕೋಬೇಡಿ. ನಿಮ್ಮ ಹತ್ರ ಫೋಟೋದಲ್ಲಾದ್ರೂ ಆ ಕಾಗದ ಇದ್ರೆ ನನಗೆ ಕಳಿಸಿ, ಓದಿ ಹೇಳೋರ ಹತ್ರ ಓದಿಸೋಣ.

ಬರೋ ಸೋಮವಾರ ನಾನು ಪಂಚಾಯ್ತಿಗೆ ಹೋಗ್ತಿದ್ದೀನಿ, ಆ ದಾಖಲಾತಿ ಪುಸ್ತಕ ತೋರಿಸಿ ಅಂತ ಕೇಳೋಕೆ. ಆಮೇಲೆ ಕೃಷಿ ವಿಜ್ಞಾನ ಕೇಂದ್ರಕ್ಕೆ ಹೋಗಿ ನೋಂದಣಿ ಅರ್ಜಿ ತರೋದು. ಒಬ್ಬನೇ ಹೋದ್ರೆ ನಾಳೆ ಬನ್ನಿ ಅಂತಾರೆ, ನಾಲ್ಕು ಜನ ಹೋದ್ರೆ ಕುರ್ಚಿ ಹಾಕ್ತಾರೆ. ಬರೋರು ಹತ್ತು ಗಂಟೆಗೆ ಸೊಸೈಟಿ ಹತ್ರ ಸೇರಿ. ಅರ್ಜಿಯಲ್ಲಿ ಬೀಜ ಕಾಪಾಡಿದವರ ಹೆಸರು ಅಂತ ಬರೆಯೋ ಜಾಗದಲ್ಲಿ ಆ ಅಜ್ಜಿ ಹೆಸರು ಮೊದಲು ಬರೆಯೋಣ ಅಂತ ನನ್ನ ಅಭಿಪ್ರಾಯ. ನಿಮ್ಮದೇನು, ಕೆಳಗೆ ಬರೀರಿ.

ಮತ್ತೆ, ಕುಂಬಾರಿಕೆ ಮಾಡೋರು ಯಾರಾದ್ರೂ ಪರಿಚಯ ಇದ್ರೆ ತಿಳಿಸಿ. ಬೀಜ ಇಡೋಕೆ ನಾಲ್ಕು ದೊಡ್ಡ ಗಡಿಗೆ ಬೇಕಾಗಿದೆ.